ಖಾರದ ಅಂಕಿ ನೋಡಿ ಸಾಸ್ ಆರಿಸಬೇಡಿ

ಹಾಟ್ ಸಾಸ್ ಬಾಟಲಿ ಕೈಗೆ ಬಂದರೆ ಹೆಚ್ಚಿನವರು ಮೊದಲು ಕೇಳೋದು ಎಷ್ಟು ಖಾರ ಇದೆ ಅಂತ. ನಾನು ಬಾಟಲಿ ತಿರುಗಿಸಿ ಹಿಂದಿನ ಚೀಟಿ ಓದುತ್ತೇನೆ. ಪಟ್ಟಿಯಲ್ಲಿ ಮೊದಲ ಹೆಸರು ಮೆಣಸಿನಕಾಯಿಯದ್ದೋ, ನೀರಿನದ್ದೋ, ವಿನೆಗರ್‌ನದ್ದೋ? ಮೆಣಸಿನಕಾಯಿಯಾದರೆ ಯಾವ ತಳಿ ಅಂತ ಹೇಳಿದ್ದಾರಾ? ಹಬನೇರೊ, ಸ್ಕಾಚ್ ಬಾನೆಟ್, ಅಹಿ ಅಮರಿಯೊ ಹೀಗೆ ಹೆಸರು ಹಿಡಿದು ಬರೆದವರ ಮೇಲೆ ನನಗೆ ಅರ್ಧ ನಂಬಿಕೆ ಅಲ್ಲೇ ಹುಟ್ಟುತ್ತೆ. ಸುಮ್ನೆ 'ಮೆಣಸಿನಕಾಯಿ' ಅಂತ ಬರೆದು, ಮುಂದೆ ತಲೆಬುರುಡೆ ಚಿತ್ರ ಹಾಕಿ, ಅದರ ಕೆಳಗೆ ಏಳಂಕಿಯ ಸಂಖ್ಯೆ ದಪ್ಪಕ್ಷರದಲ್ಲಿ ಅಚ್ಚು ಹಾಕಿದ್ದರೆ ಆ ಬಾಟಲಿಯನ್ನು ಇದ್ದಲ್ಲೇ ಇಟ್ಟುಬಿಡುತ್ತೇನೆ.

ಆ ಸಂಖ್ಯೆ ಬಗ್ಗೆ ನನಗಿರುವ ತಕರಾರು ಮೊದಲು ಹೇಳಿಬಿಡುತ್ತೇನೆ.

ಅದು ಸ್ಕೋವಿಲ್ ಅಳತೆ. ವಿಲ್ಬರ್ ಸ್ಕೋವಿಲ್ ಅಮೆರಿಕದ ಡೆಟ್ರಾಯ್ಟ್‌ನಲ್ಲಿದ್ದ ಪಾರ್ಕ್-ಡೇವಿಸ್ ಎಂಬ ಔಷಧ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದರು. 1912ರಲ್ಲಿ ಅವರು ಖಾರ ಅಳೆಯಲು ಒಂದು ದಾರಿ ಕಂಡುಕೊಂಡರು. ಒಣಗಿದ ಮೆಣಸಿನಕಾಯಿಯ ಸತ್ವವನ್ನು ಆಲ್ಕೋಹಾಲಿನಲ್ಲಿ ಇಳಿಸುವುದು, ಆಮೇಲೆ ಅದಕ್ಕೆ ಸಕ್ಕರೆ ನೀರು ಬೆರೆಸುತ್ತಾ ತೆಳು ಮಾಡುತ್ತಾ ಹೋಗುವುದು, ರುಚಿ ನೋಡಲು ಕೂತವರಿಗೆ ಖಾರ ಗೊತ್ತೇ ಆಗದ ಹಂತ ಬಂದಾಗ ನಿಲ್ಲಿಸುವುದು. ಎಷ್ಟು ಪಟ್ಟು ತೆಳು ಮಾಡಬೇಕಾಯಿತೋ ಅದೇ ಅಂಕಿ. ಆ ಕಾಲಕ್ಕೆ ಬಹಳ ಜಾಣತನದ ಕೆಲಸ ಅದು, ಅದರಲ್ಲಿ ಅನುಮಾನ ಇಲ್ಲ. ಆದರೆ ಖಾರ ತಿಂದ ನಾಲಿಗೆ ಬೇಗ ಮರಗಟ್ಟುತ್ತದೆ, ಒಬ್ಬರ ನಾಲಿಗೆ ಇನ್ನೊಬ್ಬರ ಥರ ಇರಲ್ಲ. ಹಾಗಾಗಿ ಈಗ ಪ್ರಯೋಗಾಲಯದಲ್ಲಿ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ಮತ್ತು ಅದರ ಜಾತಿಯ ರಾಸಾಯನಿಕಗಳು ಎಷ್ಟಿವೆ ಅಂತ ಯಂತ್ರದಲ್ಲೇ ಅಳೆದು, ಆ ಲೆಕ್ಕವನ್ನು ಸ್ಕೋವಿಲ್ ಅಂಕಿಗೆ ಬದಲಾಯಿಸುತ್ತಾರೆ.

ಜಲಪೆನೊಗೆ 2,500ರಿಂದ 8,000. ಕಯೆನ್‌ಗೆ 30,000ದಿಂದ 50,000. ಹಬನೇರೊಗೆ 1,00,000ದಿಂದ 3,50,000. ಒಂದೇ ತಳಿಯೊಳಗೆ ಇಷ್ಟು ಅಂತರ ಇದೆ ಅನ್ನೋದನ್ನು ಗಮನಿಸಿ. ಒಂದೇ ಗಿಡದ ಎರಡು ಕಾಯಿ ಕೂಡ ಒಂದೇ ಖಾರ ಇರಬೇಕೆಂದಿಲ್ಲ. ನೀರು ಕಡಿಮೆಯಾಗಿ ಗಿಡ ಒದ್ದಾಡಿದರೆ ಖಾರ ಏರಬಹುದು. ಇನ್ನೂ ಮುಖ್ಯ ವಿಷಯ ಏನೆಂದರೆ, ಎಷ್ಟೋ ಬಾಟಲಿಗಳ ಮೇಲೆ ಇರುವ ಅಂಕಿ ಒಳಗಿರುವ ಸಾಸ್‌ನದ್ದಲ್ಲ, ಅದಕ್ಕೆ ಹಾಕಿದ ಮೆಣಸಿನಕಾಯಿಯದ್ದು. ಟಬಾಸ್ಕೊ ಮೆಣಸಿನಕಾಯಿಯ ಖಾರ ಕಯೆನ್‌ನಷ್ಟೇ ಇದ್ದರೂ ಅದೇ ಹೆಸರಿನ ಕೆಂಪು ಸಾಸ್ ಬರುವುದು 2,500ರಿಂದ 5,000ದ ಮಧ್ಯೆ, ಯಾಕೆಂದರೆ ಅದರಲ್ಲಿ ವಿನೆಗರ್ ಜಾಸ್ತಿ.

ಅದೆಲ್ಲ ಸರಿಯಾಗಿಯೇ ಇದೆ ಅಂತ ಇಟ್ಟುಕೊಳ್ಳಿ. ಆಗಲೂ ಆ ಅಂಕಿ ಖಾರ ಬಾಯಲ್ಲಿ ಯಾವಾಗ ಬರುತ್ತೆ, ಎಲ್ಲಿ ಕೂರುತ್ತೆ, ಎಷ್ಟು ಹೊತ್ತು ಇರುತ್ತೆ ಅಂತ ಹೇಳಲ್ಲ. ಘಮದ ಬಗ್ಗೆಯಂತೂ ಒಂದು ಮಾತೂ ಇಲ್ಲ. ಕೈಯಲ್ಲಿ ಸಾಸ್ ಮಾಡುವವರು ಒದ್ದಾಡೋದು ಇವುಗಳಿಗಾಗಿಯೇ.

ಖಾರ ಅನ್ನೋದು ನಾಲಿಗೆಯ ರುಚಿಗಳಲ್ಲಿ ಒಂದಲ್ಲ, ಅದು ನೋವು. ಬಾಯಿಯ ನರಗಳ ತುದಿಯಲ್ಲಿ ಟಿಆರ್‌ಪಿವಿ1 ಅನ್ನೋ ಪ್ರೋಟೀನ್ ಇದೆ. ಸುಮಾರು 43 ಡಿಗ್ರಿ ಸೆಲ್ಸಿಯಸ್ ದಾಟಿದ ಬಿಸಿ ತಾಗಿದರೆ ಅದು ತೆರೆದುಕೊಂಡು 'ಸುಡ್ತಾ ಇದೆ' ಅಂತ ಮಿದುಳಿಗೆ ಸುದ್ದಿ ಕಳಿಸುತ್ತದೆ. ಕ್ಯಾಪ್ಸೈಸಿನ್ ಅದೇ ಬಾಗಿಲನ್ನು ಬಿಸಿ ಇಲ್ಲದೆಯೇ ತೆರೆಯುತ್ತದೆ. 1997ರಲ್ಲಿ ಇದನ್ನು ಗುರುತಿಸಿದ ತಂಡವನ್ನು ನಡೆಸಿದ್ದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ಆರ್ಡೆಮ್ ಪಟಪೂಟಿಯನ್ ಜೊತೆ ನೊಬೆಲ್ ಬಂತು. ಹಕ್ಕಿಗಳ ದೇಹದಲ್ಲಿರುವ ಇದೇ ಪ್ರೋಟೀನ್ ಕ್ಯಾಪ್ಸೈಸಿನ್‌ಗೆ ಸ್ಪಂದಿಸೋದೇ ಇಲ್ಲ. ಹಾಗಾಗಿ ಅವು ಕಾಡುಮೆಣಸಿನಕಾಯಿಯನ್ನು ಆರಾಮಾಗಿ ನುಂಗಿ ಬೀಜವನ್ನು ದೂರ ದೂರ ಚೆಲ್ಲುತ್ತವೆ. ಬೀಜ ಅಗಿದು ಹಾಳು ಮಾಡುವ ಇಲಿ-ಹೆಗ್ಗಣಗಳು ಮಾತ್ರ ಹತ್ತಿರ ಸುಳಿಯಲ್ಲ. ಗಿಡಕ್ಕೆ ಬೇಕಾಗಿದ್ದೂ ಅದೇ.

ಇನ್ನು ಖಾರ ಬೀಜದಲ್ಲಿರುತ್ತೆ ಅನ್ನೋ ಮಾತು. ಚೆನ್ನಾಗಿ ಹಣ್ಣಾದ ಒಂದು ಕಿತ್ತಳೆ ಬಣ್ಣದ ಹಬನೇರೊ ತಗೊಂಡು, ಕೈಗವಸು ಹಾಕಿಕೊಂಡು, ತೊಟ್ಟಿನಿಂದ ಕೆಳಕ್ಕೆ ಉದ್ದುದ್ದ ಸೀಳಿ ನೋಡಿ. ಮೊದಲು ಮೂಗಿಗೆ ಬರೋದು ಹಣ್ಣಿನ ವಾಸನೆ, ಏಪ್ರಿಕಾಟ್ ನೆನಪಿಸುವಂಥದ್ದು. ಆಮೇಲೆ ಒಂದು ಸಣ್ಣ ಘಾಟು. ಒಳಗೆ ಬೀಜಗಳು ಅಂಟಿಕೊಂಡಿರುವ ಬಿಳಿ ಮೆತ್ತನೆಯ ಭಾಗ ಕಾಣುತ್ತೆ. ಬೆಳಕಿಗೆ ಹಿಡಿದು ಹತ್ತಿರದಿಂದ ನೋಡಿದರೆ ಅದರ ಮೈಮೇಲೆ ಸಣ್ಣ ಹಳದಿ ಗುಳ್ಳೆಗಳು, ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಾ ಇರುತ್ತವೆ. ಖಾರ ತಯಾರಾಗುವುದು ಅಲ್ಲೇ. ಬೀಜಕ್ಕೆ ತಗಲಿರುವುದು ಅಲ್ಲಿಂದ ಸೋಂಕಿದ್ದು. ಅತಿಖಾರದ ತಳಿಗಳಲ್ಲಿ ಇಂಥ ಗುಳ್ಳೆಗಳು ಕಾಯಿಯ ಒಳಗೋಡೆಯ ಮೇಲೂ ಇರುತ್ತವೆ, ಅವುಗಳ ಖಾರ ಹಾಗೆ ಏರೋದಕ್ಕೆ ಅದೂ ಒಂದು ಕಾರಣ.

ಸಾಸ್ ಮಾಡುವವರಿಗೆ ಇದು ದೊಡ್ಡ ಅನುಕೂಲ. ಆ ಬಿಳಿ ಭಾಗವನ್ನು ಚಮಚದಿಂದ ಕೆರೆದು ತೆಗೆದರೆ ಖಾರ ಬಹಳಷ್ಟು ಇಳಿಯುತ್ತೆ, ಹಣ್ಣಿನ ಘಮ ಸಿಪ್ಪೆ ಮತ್ತು ತಿರುಳಿನಲ್ಲಿ ಹಾಗೇ ಉಳಿಯುತ್ತೆ. ಹತ್ತು ಹಬನೇರೊದಲ್ಲಿ ಎಂಟನ್ನು ಕೆರೆದು ಎರಡನ್ನು ಹಾಗೇ ಬಿಟ್ಟರೆ ಒಂದು ಸಾಸ್, ಹತ್ತನ್ನೂ ಹಾಗೇ ಹಾಕಿದರೆ ಬೇರೆಯದೇ ಸಾಸ್. ಖಾರವನ್ನು ಹೀಗೆ ಕೈಯಲ್ಲಿ ಏರಿಸಿ ಇಳಿಸಬಹುದು. ಘಮ ಹಾಗಲ್ಲ, ಅದು ತಳಿಯಲ್ಲೇ ಇದ್ದು ಬರಬೇಕು.

ನಾವು ಬೆಳೆಸುವ ಮೆಣಸಿನಕಾಯಿಗಳೆಲ್ಲ ಕ್ಯಾಪ್ಸಿಕಂ ಕುಲದ ಐದು ಜಾತಿಗಳಿಗೆ ಸೇರಿದವು. ಐದೂ ಹುಟ್ಟಿದ್ದು ಅಮೆರಿಕ ಖಂಡಗಳಲ್ಲಿ. ಜಲಪೆನೊ, ಕಯೆನ್, ಸೆರಾನೊ ಎಲ್ಲ ಆನ್ಯುಮ್ ಜಾತಿ. ಹಸಿರು ಜಲಪೆನೊ ಕತ್ತರಿಸಿದಾಗ ಬರುವ ಹಸಿ ಹುಲ್ಲಿನಂಥ ವಾಸನೆಗೆ ಪೈರಜೀನ್ ಜಾತಿಯ ಒಂದು ರಾಸಾಯನಿಕ ಕಾರಣ, ದೊಡ್ಡಮೆಣಸಿನಕಾಯಿಯಲ್ಲೂ ಅದೇ ಇದೆ. ನೀರಿನಲ್ಲಿ ಅದು ಲಕ್ಷ ಕೋಟಿಯಲ್ಲಿ ಕೆಲವೇ ಭಾಗ ಇದ್ದರೂ ಮೂಗು ಹಿಡಿಯುತ್ತೆ. ಕಾಯಿ ಕೆಂಪಾದಾಗ ಈ ಹಸಿ ವಾಸನೆ ಇಳಿದು ಸಿಹಿ ಬರುತ್ತೆ. ಅದಕ್ಕೇ ಹಸಿರು ಜಲಪೆನೊ ಸಾಸ್ ಮತ್ತು ಕೆಂಪು ಜಲಪೆನೊ ಸಾಸ್ ಅಕ್ಕಪಕ್ಕ ಇಟ್ಟು ತಿಂದರೆ ಎರಡೂ ಒಂದೇ ಗಿಡದ್ದು ಅನ್ನಿಸೋದೇ ಇಲ್ಲ. ಅದೇ ಕೆಂಪು ಜಲಪೆನೊವನ್ನು ಹೊಗೆಯಲ್ಲಿ ಒಣಗಿಸಿದರೆ ಚಿಪೋಟ್ಲೆ. ಅಲ್ಲಿಗೆ ಒಂದೇ ಕಾಯಿಯಿಂದ ಮೂರು ಸಾಸ್ ಆಯ್ತು, ಅಲ್ವಾ.

ಹಬನೇರೊ, ಸ್ಕಾಚ್ ಬಾನೆಟ್, ಫ್ಲಾರಿಡಾದ ಸೇಂಟ್ ಅಗಸ್ಟೀನ್ ಕಡೆ ಬೆಳೆಯುವ ಡಾಟಿಲ್, ಇವು ಚೈನೆನ್ಸ್ ಜಾತಿಯವು. ನನಗೆ ತುಂಬ ಇಷ್ಟವಾದ ಗುಂಪು ಇದು. ಜಲಪೆನೊದ ಖಾರ ನಾಲಿಗೆಯ ತುದಿಗೆ ಬಂದು ಬೇಗ ಹೋಗುತ್ತೆ. ಚೈನೆನ್ಸ್ ಖಾರ ತಡ ಮಾಡುತ್ತೆ. ಮೊದಲ ಕೆಲವು ಕ್ಷಣ ಹಣ್ಣಿನ ಘಮ, ಸಿಹಿ, ಹುಳಿ ಎಲ್ಲ ಆರಾಮಾಗಿ ಸಿಗುತ್ತೆ, ಆಮೇಲೆ ಗಂಟಲ ಕಡೆಯಿಂದ ಖಾರ ಏಳುತ್ತೆ, ಎದ್ದರೆ ಬೇಗ ಇಳಿಯಲ್ಲ. ಒಳ್ಳೆ ಸಾಸ್ ಮಾಡುವವರು ಆ ಕೆಲವು ಕ್ಷಣವನ್ನು ಚೆನ್ನಾಗಿ ಬಳಸಿಕೊಳ್ಳುತ್ತಾರೆ. ಪೆರುವಿನ ಅಹಿ ಅಮರಿಯೊ ಬಕೇಟಮ್ ಜಾತಿಯದ್ದು. ಹಣ್ಣಾದರೆ ಗಾಢ ಕಿತ್ತಳೆ ಬಣ್ಣ, ಖಾರ ಹಿತವಾಗಿರುತ್ತೆ, ಸಾಸ್‌ಗೆ ಬಣ್ಣವನ್ನೂ ಮೈಯನ್ನೂ ಕೊಡುತ್ತೆ. ಆಂಡಿಸ್ ಬೆಟ್ಟಗಳ ತಂಪಿನಲ್ಲಿ ಬೆಳೆಯುವ ರೊಕೊಟೊ ಪ್ಯೂಬೆಸೆನ್ಸ್ ಜಾತಿ. ಅದರ ಬೀಜ ಕಪ್ಪು, ತಿರುಳು ದಪ್ಪ. ಕಾಯಿ ಸೀಳಿ ಕಪ್ಪು ಬೀಜ ಕಂಡರೆ ಬೇರೇನೂ ವಿಚಾರಿಸಬೇಕಾಗಿಲ್ಲ. ಉಳಿದದ್ದು ಫ್ರುಟೆಸೆನ್ಸ್, ಟಬಾಸ್ಕೊ ಮೆಣಸಿನಕಾಯಿಯ ಜಾತಿ.

ಹೇಗೂ ಟಬಾಸ್ಕೊ ಮಾತು ಬಂತು. ಅದು ದೊಡ್ಡ ಕಾರ್ಖಾನೆಯ ಸಾಸ್ ಅಂತ ಕೆಲವರು ಮೂಗು ಮುರಿಯುತ್ತಾರೆ. ನಾನು ಒಪ್ಪಲ್ಲ. ಲೂಸಿಯಾನಾದ ಏವರಿ ದ್ವೀಪದಲ್ಲಿ ಎಡ್ಮಂಡ್ ಮ್ಯಾಕಿಲ್ಹೆನಿ 1868ರಲ್ಲಿ ಶುರು ಮಾಡಿದ ಕ್ರಮವೇ ಹೆಚ್ಚುಕಡಿಮೆ ಈಗಲೂ ನಡೆಯುತ್ತಿದೆ. ಕೆಂಪು ಬಣ್ಣ ಬಳಿದ ಒಂದು ಸಣ್ಣ ಕಡ್ಡಿಯನ್ನು ಕಾಯಿಯ ಪಕ್ಕ ಹಿಡಿದು, ಬಣ್ಣ ಹೊಂದಿದರೆ ಮಾತ್ರ ಕೀಳುವುದು. ಉಪ್ಪಿನ ಜೊತೆ ಅರೆದು ಓಕ್ ಮರದ ಪೀಪಾಯಿಗೆ ತುಂಬುವುದು. ಮುಚ್ಚಳದ ಮೇಲೆ ದಪ್ಪಕ್ಕೆ ಉಪ್ಪು ಹಾಕಿ ಮೂರು ವರ್ಷದವರೆಗೆ ಬಿಡುವುದು. ಆಮೇಲೆ ವಿನೆಗರ್ ಬೆರೆಸಿ ವಾರಗಟ್ಟಲೆ ಕಲಕಿ ಸೋಸುವುದು. ಮೆಣಸಿನಕಾಯಿ, ಉಪ್ಪು, ವಿನೆಗರ್, ಮೂರೇ ಸಾಮಾನು. ಉಳಿದದ್ದು ಕಾಯುವಿಕೆ.

ಈ ಕಾಯುವಿಕೆಯಲ್ಲಿ ಏನಾಗುತ್ತೆ ಅನ್ನೋದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಮೆಣಸಿನಕಾಯಿಯನ್ನು ಒರಟಾಗಿ ರುಬ್ಬಿ, ಅದರ ತೂಕದ ಶೇ. 2ರಿಂದ 3ರಷ್ಟು ಉಪ್ಪು ಬೆರೆಸಿ, ಗಾಜಿನ ಜಾಡಿಗೆ ತುಂಬಿ, ಮೇಲೆ ಭಾರ ಇಟ್ಟು, ಗಾಳಿ ಒಳಗೆ ಹೋಗದ ಹಾಗೆ ಮುಚ್ಚಿಡುತ್ತೇವೆ. ಉಪ್ಪನ್ನು ಚಮಚದಲ್ಲಿ ಅಳೆಯಬೇಡಿ, ತೂಕ ಮಾಡಿ. ಪುಡಿ ಉಪ್ಪು ಮತ್ತು ಕಲ್ಲುಪ್ಪಿನ ಚಮಚ ಒಂದೇ ತೂಕ ಬರಲ್ಲ. ಕಾಯಿಯ ಮೈಮೇಲೆ ಮೊದಲೇ ಇರುವ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಈ ಉಪ್ಪನ್ನು ತಡೆದುಕೊಳ್ಳುತ್ತವೆ, ಕೆಡಿಸುವ ಹೆಚ್ಚಿನ ಬ್ಯಾಕ್ಟೀರಿಯಾಗಳಿಗೆ ಅದು ಆಗಲ್ಲ. ಕಾಯಿಯನ್ನು ಹುದುಗಿಸಿ ಹುಳಿ ತರೋದು ಈ ಉಪ್ಪು ತಡೆದುಕೊಂಡವೇ. ಮೊದಲ ದಿನ ಜಾಡಿಯಲ್ಲಿ ಏನೂ ಕಾಣಲ್ಲ. ಬೆಚ್ಚಗಿನ ಕೋಣೆಯಾದರೆ ಎರಡು ಮೂರು ದಿನದಲ್ಲಿ ಗಾಜಿಗೆ ಅಂಟಿದ ರುಬ್ಬಿದ ಮೆಣಸಿನಕಾಯಿಯನ್ನು ಸೀಳಿಕೊಂಡು ಸಣ್ಣ ಗುಳ್ಳೆಗಳು ಮೇಲೇಳುತ್ತವೆ. ಇಡೀ ರಾಶಿ ಉಬ್ಬಿ ಮೇಲೆ ಬರುತ್ತೆ, ಕೆಳಗೆ ರಸ ನಿಲ್ಲುತ್ತೆ. ಮುಚ್ಚಳ ಸ್ವಲ್ಪ ಸಡಿಲಿಸಿದರೆ ಉಸ್ ಅಂತ ಗಾಳಿ ಹೊರಬರುತ್ತೆ. ಆಗ ಮೂಗು ಹತ್ತಿರ ಒಯ್ದರೆ ಹಸಿ ಕಾಯಿಯ ವಾಸನೆ ಹಿಂದೆ ಸರಿದಿರುತ್ತೆ, ಹುಳಿ ಮತ್ತು ಹಣ್ಣು ಸೇರಿದ ಒಂದು ವಾಸನೆ ಬರೋಕೆ ಶುರುವಾಗಿರುತ್ತೆ. ಒಂದೆರಡು ವಾರದಲ್ಲಿ ಗುಳ್ಳೆ ನಿಧಾನವಾಗುತ್ತೆ. ಅಲ್ಲಿಗೆ ನಿಲ್ಲಿಸಬಹುದು, ತಿಂಗಳುಗಟ್ಟಲೆ ಬಿಡಲೂಬಹುದು. ಬಿಟ್ಟಷ್ಟೂ ರುಚಿ ಆಳವಾಗುತ್ತೆ ಅನ್ನೋದು ನನ್ನ ಅನುಭವ.

ಮೇಲ್ಭಾಗದಲ್ಲಿ ತೆಳ್ಳಗೆ ಬಿಳಿ ಪೊರೆ ಕಟ್ಟಿದರೆ ಅದು ಒಂದು ಬಗೆಯ ಯೀಸ್ಟ್. ಅಪಾಯ ಇಲ್ಲ, ತೆಗೆದು ಹಾಕಿ, ಬಿಟ್ಟರೆ ರುಚಿ ಕೆಡುತ್ತೆ. ಹಸಿರು, ಕಪ್ಪು, ಗುಲಾಬಿ ಬಣ್ಣದ ನವಿರು ನವಿರಾದ ಬೂಸ್ಟು ಬಂದರೆ ಇಡೀ ಜಾಡಿ ಚೆಲ್ಲಬೇಕು. ಮೇಲಿನದ್ದು ತೆಗೆದು ಉಳಿದದ್ದು ಬಳಸೋಣ ಅನ್ನೋ ಯೋಚನೆ ಬೇಡ.

ಆತುರ ಇದ್ದವರು ವಿನೆಗರ್ ಹಾಕಿ ಒಂದೇ ಗಂಟೆಯಲ್ಲಿ ಸಾಸ್ ಮುಗಿಸುತ್ತಾರೆ. ಅದೂ ಒಳ್ಳೆಯದೇ. ವಿನೆಗರ್ ಹುಳಿ ಮೂಗಿಗೆ ಹೊಡೆಯುತ್ತೆ, ಚುರುಕಾಗಿರುತ್ತೆ, ಎಣ್ಣೆಯ ಊಟದ ಜೊತೆ ಹೊಂದುತ್ತೆ. ಹುದುಗಿ ಬಂದ ಹುಳಿ ಮೆತ್ತಗಿರುತ್ತೆ, ನಾಲಿಗೆಯ ಮೇಲೆ ಹರಡಿಕೊಳ್ಳುತ್ತೆ. ಎರಡನ್ನೂ ಸೇರಿಸಿದಾಗ ಬರುವ ಸಾಸ್ ನನಗೆ ಎಲ್ಲಕ್ಕಿಂತ ಇಷ್ಟ. ಹುದುಗಿಸಿದ ಮೆಣಸಿನಕಾಯಿ ಜಾಸ್ತಿ, ಕೊನೆಗೆ ಸ್ವಲ್ಪ ವಿನೆಗರ್.

ಸುರಕ್ಷತೆಯ ವಿಷಯದಲ್ಲಿ ನಾನು ಸ್ವಲ್ಪವೂ ಸಡಿಲ ಬಿಡಲ್ಲ. ಪಿಎಚ್ ಅಂದರೆ ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಬಾಟ್ಯುಲಿಸಂ ಅನ್ನೋ ಜೀವಕ್ಕೇ ಅಪಾಯದ ಆಹಾರ ವಿಷ ತರುವ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯಲ್ಲ. ಹಾಗಂತ 4.5ಕ್ಕೆ ನಿಲ್ಲಿಸಬಾರದು, 4ಕ್ಕಿಂತ ಕೆಳಗೆ ಇಳಿಸಿಯೇ ಬಾಟಲಿಗೆ ಹಾಕಬೇಕು. ಕಾಗದದ ಪಟ್ಟಿಯಲ್ಲಿ ಅಳೆಯಲು ಹೋದರೆ ಕೆಂಪು ಸಾಸ್ ಪಟ್ಟಿಗೇ ಬಣ್ಣ ಹಚ್ಚಿಬಿಡುತ್ತೆ, ಏನೂ ತಿಳಿಯಲ್ಲ. ಪಿಎಚ್ ಮೀಟರ್ ಇಟ್ಟುಕೊಳ್ಳಿ, ಪ್ರತಿ ಸಲ 4 ಮತ್ತು 7ರ ದ್ರಾವಣದಲ್ಲಿ ಅದ್ದಿ ಸರಿಮಾಡಿಕೊಳ್ಳಿ. ಬೆಳ್ಳುಳ್ಳಿ, ಈರುಳ್ಳಿ, ಕ್ಯಾರೆಟ್ ಇವೆಲ್ಲ ಹುಳಿ ಕಡಿಮೆ ಇರುವ ಪದಾರ್ಥಗಳು. ಅವನ್ನು ಆಮೇಲೆ ಸೇರಿಸಿದರೆ ಮತ್ತೆ ಅಳೆಯಬೇಕು. ಹುದುಗಿದ ಸಾಸ್‌ಗೆ ಕೊನೆಯಲ್ಲಿ ಮಾವೋ ಅನಾನಸೋ ರುಬ್ಬಿ ಹಾಕಿ ಹಾಗೇ ಬಾಟಲಿ ಮುಚ್ಚಿದರೆ ಹೊಸ ಸಕ್ಕರೆ ಸಿಕ್ಕ ಖುಷಿಗೆ ಹುದುಗುವಿಕೆ ಮತ್ತೆ ಶುರುವಾಗುತ್ತೆ. ಗಾಜಿನ ಬಾಟಲಿ ಒಡೆಯುವಷ್ಟು ಒತ್ತಡ ಏಳಬಹುದು. ಕುದಿಸಿ ತುಂಬಬೇಕು, ಇಲ್ಲಾಂದ್ರೆ ಫ್ರಿಜ್‌ನಲ್ಲೇ ಇಡಬೇಕು.

ಹಣ್ಣಿನ ವಿಷಯದಲ್ಲಿ ನನ್ನದೊಂದು ಅಭಿಪ್ರಾಯ ಇದೆ. ಹಬನೇರೊ ಜೊತೆ ಮಾವು ಹಾಕೋದು ಈಗ ಎಲ್ಲರೂ ಮಾಡೋ ಕೆಲಸ, ರುಚಿ ಚೆನ್ನಾಗಿಯೇ ಇರುತ್ತೆ. ಆದರೆ ಹಬನೇರೊದಲ್ಲೇ ಹಣ್ಣಿನ ಘಮ ಇದೆಯಲ್ಲ, ಅದರ ಮೇಲೆ ಇನ್ನೊಂದು ಘಮದ ಹಣ್ಣು ಹೇರಿದರೆ ಮೆಣಸಿನಕಾಯಿ ಮರೆಯಾಗುತ್ತೆ. ಬೆಲೀಜ್ ದೇಶದ ಮರೀ ಶಾರ್ಪ್ ಅವರ ಸಾಸ್‌ನಲ್ಲಿ ಹಬನೇರೊ ಜೊತೆಗಿರೋದು ಕ್ಯಾರೆಟ್. ಎಷ್ಟು ಚೆನ್ನಾದ ಆಯ್ಕೆ ಅದು! ಕ್ಯಾರೆಟ್ ಮೈ ಕೊಡುತ್ತೆ, ಬಣ್ಣ ಕೊಡುತ್ತೆ, ಹಿತವಾದ ಸಿಹಿ ಕೊಡುತ್ತೆ, ಮುಂದೆ ಬಂದು ನಿಲ್ಲಲ್ಲ. ಹಬನೇರೊ ಪೂರ್ತಿ ಕೇಳಿಸುತ್ತೆ. ಸಾಸ್ ಮಾಡಲು ಹೊರಟ ಯಾರಿಗಾದರೂ ನಾನು ಮೊದಲು ಹೇಳೋದು ಕ್ಯಾರೆಟ್‌ನಿಂದ ಶುರು ಮಾಡಿ ಅಂತಲೇ.

ಬಾಟಲಿಯಲ್ಲಿ ನೀರು ಮತ್ತು ತಿರುಳು ಬೇರೆ ಬೇರೆಯಾಗೋದು ದೋಷ ಏನಲ್ಲ. ಬೇಕಿದ್ದರೆ ಸಾಸ್ ಮಂದ ಮಾಡುವ ಕ್ಸಾಂಥನ್ ಗಮ್ ಪುಡಿ ಚಿಟಿಕೆ ಸಾಕು, ಜಾಸ್ತಿಯಾದರೆ ಲೋಳೆ. ಅಲುಗಾಡಿಸಿ ಬಳಸಿದರೂ ಆಯ್ತು.

ನನಗೆ ನಿಜಕ್ಕೂ ಬೇಜಾರು ತರಿಸೋದು ಸತ್ವ ಸುರಿದ ಸಾಸ್. ಮೆಣಸಿನಕಾಯಿಯಿಂದ ಖಾರವನ್ನು ದ್ರಾವಕದಲ್ಲಿ ಹಿಂಡಿ ತೆಗೆದ ಗಟ್ಟಿ ಎಣ್ಣೆಯಂಥ ಪದಾರ್ಥವೇ ಈ ಸತ್ವ. ಅದನ್ನು ಸಾಕಷ್ಟು ಬೆರೆಸಿದರೆ ಎಂಥ ಸಪ್ಪೆ ಸಾಸ್ ಕೂಡ ಲಕ್ಷದ ಅಂಕಿ ದಾಟುತ್ತೆ. ಘಮ ಇರಲ್ಲ, ಕಹಿ ಇರುತ್ತೆ, ಬಾಯಲ್ಲಿ ಔಷಧಿಯ ವಾಸನೆ ಉಳಿಯುತ್ತೆ. ಮೆಣಸಿನಕಾಯಿ ಬೆಳೆಸಿದವರು ತಿಂಗಳುಗಟ್ಟಲೆ ಪಟ್ಟ ಶ್ರಮದಲ್ಲಿ ಉಳಿದ ಎಲ್ಲವನ್ನೂ ಎಸೆದು ನೋವನ್ನು ಮಾತ್ರ ಇಟ್ಟುಕೊಂಡ ಹಾಗೆ ಆಗುತ್ತೆ.

ಹಾಗಂತ ಅತಿಖಾರದ ತಳಿಗಳ ಮೇಲೆ ನನಗೆ ಸಿಟ್ಟಿಲ್ಲ. ಈಶಾನ್ಯ ಭಾರತದ ಭೂತ್ ಜೊಲೊಕಿಯಾ ಹತ್ತು ಲಕ್ಷ ದಾಟಿದ್ದನ್ನು 2007ರಲ್ಲಿ ಗಿನ್ನೆಸ್ ದಾಖಲಿಸಿತು. 2013ರಲ್ಲಿ ಲೋಕದ ಅತಿ ಖಾರದ ಮೆಣಸಿನಕಾಯಿ ಅನ್ನೋ ಪಟ್ಟ ಅಮೆರಿಕದ ಎಡ್ ಕರಿ ಬೆಳೆಸಿದ ಕ್ಯಾರೊಲಿನಾ ರೀಪರ್‌ಗೆ ಹೋಯಿತು, ಅದರ ಸರಾಸರಿ ಆಮೇಲೆ 16,41,183ಕ್ಕೆ ಏರಿತು. 2023ರಲ್ಲಿ ಅವರದ್ದೇ ಪೆಪ್ಪರ್ ಎಕ್ಸ್ 26,93,000 ಮುಟ್ಟಿತು. ಈ ಓಟದ ಸುದ್ದಿಯಲ್ಲಿ ಎಲ್ಲರೂ ಮರೆಯೋದು ಏನೆಂದರೆ, ರೀಪರ್‌ಗೆ ಒಳ್ಳೆ ಸಿಹಿ ಹಣ್ಣಿನ ರುಚಿ ಇದೆ. ಒಂದೇ ಒಂದು ರೀಪರನ್ನು ಒಂದು ರಾಶಿ ಖಾರ ಇಲ್ಲದ ಕೆಂಪು ಮೆಣಸಿನಕಾಯಿಯ ಜೊತೆ ಹುದುಗಿಸಿ ನೋಡಿ. ಖಾರ ಹದಕ್ಕೆ ಬರುತ್ತೆ, ಆ ಸಿಹಿ ಎಲ್ಲ ಕಡೆ ಹರಡುತ್ತೆ. ಇಂಥ ಸಾಸ್ ಮಾಡುವವರು ಇದ್ದಾರೆ, ಅವರ ಬಾಟಲಿ ಮೇಲೆ ಅಂಕಿ ಕಾಣೋದೇ ಅಪರೂಪ.

ಕೈಯಲ್ಲಿ ಮಾಡಿದ ಸಾಸ್ ಒಂದೊಂದು ಸಲ ಒಂದೊಂದು ಥರ ಇರುತ್ತೆ ಅನ್ನೋ ದೂರು ಆಗಾಗ ಕೇಳುತ್ತೇನೆ. ಇರಲೇಬೇಕು. ಬೆಳೆ ಬದಲಾಗುತ್ತೆ, ಬಿಸಿಲು ಬದಲಾಗುತ್ತೆ. ಒಂದೇ ತಳಿ, ಒಂದೇ ರುಚಿ ಅಂತ ಕೂತ ದೊಡ್ಡವರಿಗೂ ಇದು ತಪ್ಪಿದ್ದಲ್ಲ. ಡೇವಿಡ್ ಟ್ರಾನ್ 1980ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಕಟ್ಟಿದ ಹುಯ್ ಫಾಂಗ್ ಕಂಪನಿ ತನ್ನ ಶ್ರೀರಾಚಾ ಸಾಸ್‌ಗೆ ಕೆಂಪು ಜಲಪೆನೊ ಬಳಸುತ್ತೆ. 2022ರಲ್ಲಿ ಹವಾಮಾನ ಕೈಕೊಟ್ಟು ಮೆಣಸಿನಕಾಯಿ ಸಿಗದೆ ಅವರು ತಯಾರಿಕೆಯನ್ನೇ ಕೆಲ ಕಾಲ ನಿಲ್ಲಿಸಬೇಕಾಯಿತು. ಸಣ್ಣವರು ಆ ವರ್ಷ ಸಿಕ್ಕ ಕಾಯಿಗೆ ತಕ್ಕ ಹಾಗೆ ಅಳತೆ ತಿದ್ದಿಕೊಳ್ಳುತ್ತಾರೆ. ಚೀಟಿ ಮೇಲೆ ಯಾವ ಸಲದ್ದು ಅಂತ ನಂಬರ್ ಬರೆದಿರುತ್ತಾರೆ. ಎರಡು ಸಲದ ಬಾಟಲಿ ಪಕ್ಕಪಕ್ಕ ಇಟ್ಟು ರುಚಿ ನೋಡೋದು ನನಗೆ ತುಂಬ ಇಷ್ಟದ ಕೆಲಸ.

ಹಾಗೆ ರುಚಿ ನೋಡುವಾಗ ಮೊದಲು ಮೂಸಿ, ಆಮೇಲೆ ಒಂದು ಹನಿ ಮಾತ್ರ ನಾಲಿಗೆಗೆ ಹಾಕಿ, ನುಂಗಲು ಅವಸರ ಬೇಡ. ಚೈನೆನ್ಸ್ ಸಾಸ್ ಆದರೆ ಅರ್ಧ ನಿಮಿಷವಾದರೂ ಕಾಯದೆ ಎರಡನೇ ಹನಿ ಹಾಕಬೇಡಿ. ಖಾರ ಜಾಸ್ತಿಯಾದರೆ ಹಾಲು ಕುಡಿಯಿರಿ. ಕ್ಯಾಪ್ಸೈಸಿನ್ ನೀರಲ್ಲಿ ಕರಗಲ್ಲ, ಹಾಲಿನ ಕೊಬ್ಬು ಮತ್ತು ಕೇಸಿನ್ ಅನ್ನೋ ಪ್ರೋಟೀನ್ ಅದನ್ನು ಹಿಡಿದುಕೊಂಡು ಹೋಗುತ್ತವೆ. ಮತ್ತೆ, ತೆರೆದ ಬಾಟಲಿಯನ್ನು ಬಿಸಿಲಿಗೆ ಬೀಳದ ಹಾಗೆ ಫ್ರಿಜ್‌ನಲ್ಲಿಡಿ, ಬೇಗ ಬಳಸಿ ಮುಗಿಸಿ. ತಿಂಗಳುಗಳು ಹೋದ ಹಾಗೆ ಬಣ್ಣ ಕಂದಾಗುತ್ತೆ, ಹಣ್ಣಿನ ಘಮ ಎಲ್ಲಕ್ಕಿಂತ ಮೊದಲು ಹೋಗುತ್ತೆ, ಖಾರ ಮಾತ್ರ ಹಾಗೇ ಕೂತಿರುತ್ತೆ.